ಅವಳಿ ಗೋಪುರ ಕುಸಿತದ ತನಿಖೆ: ಕಬ್ಬಿಣ ಗುಜರಿಗೆ ಹೋದ ಮೇಲೆ ನೋಡಿದ್ದೇನು?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಸೆಪ್ಟೆಂಬರ್ ಬಂತು ಅಂದ್ರೆ ನನ್ನ ಭಾಮೈದ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಬಿದ್ದ ಅದೇ ವಿಡಿಯೊ ಕಳಿಸ್ತಾನೆ. "ಏಳನೇ ನಂಬರ್ ಕಟ್ಟಡಕ್ಕೆ ವಿಮಾನಾನೇ ಬಡೀಲಿಲ್ಲ, ಆದ್ರೂ ಬಿತ್ತು. ನಿಮ್ ಸೈನ್ಸು ಏನ್ ಹೇಳುತ್ತೆ ಭಾವ?" ಮೊದಲೆಲ್ಲ ನಕ್ಕು ಸುಮ್ಮನಾಗ್ತಿದ್ದೆ. ಈ ಸಲ ಉತ್ತರ ಕೊಡಲೇಬೇಕು ಅಂತ ಕೂತು ಓದಿದೆ. ಓದಿದ ಮೇಲೆ ತಲೆ ಇನ್ನೂ ಕೆಟ್ಟಿತು.

ಬಾಂಬ್ ಇಟ್ಟಿದ್ರು ಅನ್ನೋ ಕಥೆ ನಾನು ನಂಬಲ್ಲ. ನನ್ನ ತಕರಾರು ತನಿಖೆ ನಡೆದ ರೀತಿ ಮೇಲೆ. 2001ರ ಸೆಪ್ಟೆಂಬರ್ 11ರಂದು ದಕ್ಷಿಣ ಗೋಪುರ ಏಟು ಬಿದ್ದ 56 ನಿಮಿಷಕ್ಕೆ ಕುಸೀತು, ಉತ್ತರದ್ದು 102 ನಿಮಿಷಕ್ಕೆ. ಸಂಜೆ 5:20ರ ಹೊತ್ತಿಗೆ ಅದೇ ಸಮುಚ್ಚಯದ 47 ಮಹಡಿಯ ಏಳನೇ ಕಟ್ಟಡ. ಮೊದಲು ಹೋಗಿದ್ದು ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಮತ್ತು ಅಲ್ಲಿನ ಸಿವಿಲ್ ಇಂಜಿನಿಯರುಗಳ ಸಂಘ ಸೇರಿ ಮಾಡಿದ ತಂಡ. ಅವರಿಗೆ ಒಂದು ಕಬ್ಬಿಣದ ತುಂಡನ್ನೂ "ಇದನ್ನ ಮುಟ್ಟಬೇಡಿ" ಅಂತ ತಡೆಯೋ ಅಧಿಕಾರ ಇರಲಿಲ್ಲ. ಕಟ್ಟಡದ ನಕ್ಷೆ ಕೈಗೆ ಸಿಗೋಕೇ ತಿಂಗಳುಗಟ್ಟಲೆ ಹಿಡೀತು. ಅಷ್ಟರಲ್ಲಿ ನಗರದವರು ಕಬ್ಬಿಣ ಗುಜರಿಗೆ ಮಾರ್ತಾ ಇದ್ರು. ನಿಸ್ಟ್ (ಅಲ್ಲಿನ ಸರ್ಕಾರದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ) ತನಿಖೆ ಶುರು ಮಾಡಿದ್ದು 2002ರ ಆಗಸ್ಟಲ್ಲಿ, ಗೋಪುರಗಳ ವರದಿ ಬಂದದ್ದು 2005ಕ್ಕೆ, ಏಳನೇ ಕಟ್ಟಡದ್ದು 2008ಕ್ಕೆ.

ಹೆಣ ಸುಟ್ಟ ಮೇಲೆ ಪೋಸ್ಟ್‌ಮಾರ್ಟಂ ಮಾಡಿದ ಹಾಗಲ್ವಾ ಇದು? ಸಿವಿಲ್ ಓದಿದವರು ಯಾರಾದ್ರೂ ಇದ್ರೆ ಹೇಳಿ.

ಒಗ್ಗರಣೆ
ಶುರುವಾಯ್ತು. ಪಾಪ್‌ಕಾರ್ನ್ ಬೇಡ, ಮಂಡಕ್ಕಿ ತರ್ತೀನಿ.

ಸಂಶಯಪಿಶಾಚಿ
ಸರ್, ನೀವೇ ಎಲ್ಲಾ ಹೇಳಿಬಿಟ್ರಲ್ಲ. ಸಾಕ್ಷಿ ಮಾರಿದೋರು ಯಾಕೆ ಮಾರಿದ್ರು ಅಂತ ಕೇಳಿದ್ರೆ ನಮ್ಮನ್ನ ಹುಚ್ಚರು ಅಂತಾರೆ.

ಜರ್ಸಿ ಅಕ್ಕ
ಆಗ ನಾವು ಜರ್ಸಿ ಸಿಟಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು, ನದಿಯ ಈಚೆ ದಡ. ಮದುವೆಯಾಗಿ ಬಂದು ಒಂದು ವರ್ಷ ಆಗಿತ್ತಷ್ಟೆ. ಬಿದ್ದದ್ದನ್ನು ಕಣ್ಣಾರೆ ನೋಡಲಿಲ್ಲ, ಹೊಗೆ ನೋಡಿದೆ. ಆ ವಾಸನೆ ಎಷ್ಟೋ ವಾರ ಇತ್ತು, ಸುಟ್ಟ ವೈರಿನ ಥರ. ಒಣಗಲು ಹಾಕಿದ ಬಟ್ಟೆಯಲ್ಲೂ ಅದೇ.

ಕಬ್ಬಿಣ ದೋಣಿಗಳಲ್ಲಿ ನಮ್ಮ ಕಡೆಗೇ ಬರುತ್ತಿತ್ತು. ನ್ಯೂಜರ್ಸಿಯ ಗುಜರಿ ಯಾರ್ಡುಗಳಿಗೆ. ಚಪ್ಪಟೆ ದೋಣಿ, ಅದರ ಮೇಲೆ ಸೊಟ್ಟಪಟ್ಟ ತೊಲೆಗಳು. ಆ ಹೊತ್ತಲ್ಲಿ ಯಾರಿಗೂ "ಅಯ್ಯೋ ಸಾಕ್ಷಿ ಹೋಗ್ತಿದೆ" ಅನ್ನಿಸಲಿಲ್ಲ. ಒಳಗೆ ಜನ ಸಿಕ್ಕಿಕೊಂಡಿದ್ದಾರೆ, ಮೇಲಿನದ್ದು ಎತ್ತಿ ಅನ್ನೋದೊಂದೇ ಮಾತು. 343 ಅಗ್ನಿಶಾಮಕದವರು ಹೋಗಿದ್ದರು, ಅವರ ಜೊತೆಗಾರರೇ ಕೈಯಲ್ಲಿ ಬಕೆಟ್ ಹಿಡಿದು ತೋಡ್ತಿದ್ದರು. ಕೆರೆದಂಡೆಯವರೇ, ನಿಮ್ಮ ಹೆಣದ ಹೋಲಿಕೆ ಸರಿಯೇ, ಆದರೆ ಅಲ್ಲಿ ನಿಜವಾದ ಹೆಣಗಳನ್ನು ಹುಡುಕ್ತಾ ಇದ್ದರು.

ಕೆರೆದಂಡೆ
ತಪ್ಪಾಯ್ತು ಮೇಡಂ. ಆ ಮಾತು ಹಾಗೆ ಬರೀಬಾರದಿತ್ತು.

ಕಾಂಕ್ರೀಟ್ ಕಾಕಾ
ಅಕ್ಕಾರು ಹೇಳಿದ್ದು ಖರೇ ಐತಿ. ಆದ್ರ ಎರಡೂ ಮಾಡಬಹುದಿತ್ತು ನೋಡ್ರಿ. ಮೊದಲ ವಾರ ಜೀವ ಮುಖ್ಯ, ಒಪ್ಪೋಣು. ಅಕ್ಟೋಬರ್, ನವೆಂಬರ್‌ನಾಗ ಏನಾತು? ಒಂದು ಖಾಲಿ ಮೈದಾನ ಹುಡುಕಿ ಕಬ್ಬಿಣ ಸಾಲಾಗಿ ಇಟ್ಟಿದ್ರ ಯಾರ ಗಂಟು ಹೋಗ್ತಿತ್ತು? ಇದನ್ನ ನಾನಷ್ಟ ಹೇಳಾಕತ್ತಿಲ್ಲ. ಅಲ್ಲಿನ ಅಗ್ನಿಶಾಮಕದವರ ಪತ್ರಿಕಿ ಫೈರ್ ಇಂಜಿನಿಯರಿಂಗ್, ಅದರ ಸಂಪಾದಕ ಬಿಲ್ ಮ್ಯಾನಿಂಗ್ 2002ರ ಜನವರಿ ಸಂಚಿಕೆಯೊಳಗ ತನಿಖೀನ ಅರೆಬೆಂದ ನಾಟಕ ಅಂತ ಜಾಡಿಸಿದ್ದ, ಕಬ್ಬಿಣ ಕರಗಿಸೋದು ಈಗಿಂದೀಗ ನಿಲ್ಲಿಸ್ರಿ ಅಂದಿದ್ದ. ಅಂವ ಏನು ಪಿತೂರಿ ಮಂದಿ ಅಲ್ಲ. ಸತ್ತವರು ಅವನ ಓದುಗರು.

ಸಂಶಯಪಿಶಾಚಿ
ಇದನ್ನೇ ನಾನು ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೋತಿರೋದು.

ಕಾಂಕ್ರೀಟ್ ಕಾಕಾ
ನೀವು ಬಡ್ಕೊಳ್ಳೋದು ಬ್ಯಾರೆ ತಮ್ಮಾ. ಅಂವ ಕೇಳಿದ್ದು "ಬೆಂಕಿ ತಡಿಯೋ ಲೇಪ ಸರಿ ಇತ್ತೇನು, ತೊಲಿ ಯಾಕ ಸೋತ್ವು" ಅಂತ. ನೀವು ಕೇಳೋದು "ಯಾರು ಬಾಂಬ್ ಇಟ್ರು" ಅಂತ.

ಗುಜರಿ ಅಂಗಡಿ
ನಂದು ಇದೇ ಕಸುಬು, ಅಪ್ಪನ ಕಾಲದಿಂದ. ಒಂದು ವಿಷ್ಯ ಹೇಳ್ತೀನಿ. ಆ ಕಬ್ಬಿಣ ನಮ್ಮ ಪಕ್ಕಕ್ಕೇ ಬಂದಿತ್ತು, ಚೆನ್ನೈ ಬಂದರಿಗೆ, 2002ರ ಜನವರಿಯಲ್ಲಿ. ವಿಷ ಗಿಷ ಇರಬಹುದು, ಪರೀಕ್ಷೆ ಮಾಡಿ ಅಂತ ಪರಿಸರ ಸಂಘಟನೆ ಗ್ರೀನ್‌ಪೀಸ್‌ನೋರು ಗಲಾಟೆ ಮಾಡಿದ್ರು. ಚೀನಾದ ಬಾವೊಸ್ಟೀಲ್ ಕಂಪನಿ 50,000 ಟನ್ ತಗೊಂಡಿತ್ತು.

ಗುಜರಿ ಲೈನಲ್ಲಿ ಮಾಲು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ತೂಕ, ದಪ್ಪ, ತುಕ್ಕು, ಮಣ್ಣು ಎಷ್ಟು ಕಳೀಬೇಕು, ಅಷ್ಟೆ. ಹಡಗಿಂದ ಇಳಿದ ಮಾಲು ಲಾರಿ ಹತ್ತಿತು ಅಂದ್ರೆ ಮೂರನೇ ದಿನ ಫರ್ನೆಸಲ್ಲಿ. ಆಮೇಲೆ ಅದು ಟಿಎಂಟಿ ಕಂಬಿ. ಯಾರ ಮನೆ ತಾರಸಿಯಲ್ಲಿ ಕೂತಿದೆಯೋ ದೇವರಿಗೇ ಗೊತ್ತು.

ಬರೀ ಓದುಗ
ಮೈ ಜುಂ ಅಂತು.

ಫೈನೈಟ್ ಎಲಿಮೆಂಟ್
ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ. ರಚನಾ ವಿಶ್ಲೇಷಣೆಯೇ ನನ್ನ ಕೆಲಸ.

ಕಬ್ಬಿಣ ಎಲ್ಲವೂ ಹೋಗಲಿಲ್ಲ. ನ್ಯೂಯಾರ್ಕಿನ ರಚನಾ ಇಂಜಿನಿಯರುಗಳ ಸಂಘದ ಸ್ವಯಂಸೇವಕರು ಗುಜರಿ ಯಾರ್ಡುಗಳಿಗೇ ಹೋಗಿ, ಕಟ್ಟರ್ ಹಿಡಿದವರ ಮುಂದೆ ನಿಂತು ತುಂಡು ಆರಿಸಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಅಸ್ತಾನೆ ಕೂಡ ಹಾಗೆಯೇ ಯಾರ್ಡಿನಲ್ಲಿ ನಿಂತು ನೋಡಿದವರು. ಕೊನೆಗೆ ನಿಸ್ಟ್ ಕೈಗೆ ಬಂದದ್ದು 236 ತುಂಡು. ಎರಡು ಗೋಪುರಕ್ಕೆ ಬಳಸಿದ ಉಕ್ಕು ಸುಮಾರು 2 ಲಕ್ಷ ಟನ್, ಅದರಲ್ಲಿ ಸಿಕ್ಕಿದ್ದು ಶೇ. 0.25ರಿಂದ 0.5. ಕಡಿಮೆ ಅನ್ನಿಸುತ್ತೆ. ಆದರೆ ಹೊರಗಿನ ಕಂಬಗಳ ಮೇಲೆ ಕಾರ್ಖಾನೆಯಲ್ಲಿ ಒತ್ತಿದ ಗುರುತಿನ ನಂಬರ್ ಇತ್ತು. ಬಹಳಷ್ಟು ತುಂಡುಗಳ ವಿಳಾಸ, ಅಂದರೆ ಯಾವ ಗೋಪುರ, ಯಾವ ಮಹಡಿ ಅನ್ನೋದು, ಅದರಿಂದಲೇ ಸಿಕ್ಕಿತು.

ಎಷ್ಟು ಬಿಸಿಯಾಗಿತ್ತು ಅಂತ ಪತ್ತೆ ಮಾಡಿದ್ದು ಬಣ್ಣದಿಂದ. ಕೆಂಪು ಪ್ರೈಮರ್ ಹಚ್ಚಿದ್ದರಲ್ಲ, 250 ಡಿಗ್ರಿ ದಾಟಿದರೆ ಅದು ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಥರ ಬಿರುಕು ಬಿಡುತ್ತೆ. ಸೂಕ್ಷ್ಮದರ್ಶಕದಲ್ಲಿ 170ಕ್ಕೂ ಹೆಚ್ಚು ಜಾಗ ನೋಡಿದರು. 250 ದಾಟಿದ ಗುರುತು ಕಂಡದ್ದು ಮೂರೇ ಕಡೆ.

ಸಂಶಯಪಿಶಾಚಿ
ಮೂರೇ ಮೂರು! ಹಾಗಿದ್ದ ಮೇಲೆ ಬೆಂಕಿಗೆ ಮೆತ್ತಗಾಯ್ತು ಅಂತ ಹೇಗೆ ಬರೆದ್ರು ಸ್ವಾಮಿ? ನಿಮ್ಮ ಮಾತಲ್ಲೇ ಸಿಕ್ಕಿಬಿದ್ರಿ.

ಫೈನೈಟ್ ಎಲಿಮೆಂಟ್
ಆ ತುಂಡುಗಳಲ್ಲಿ ಹೆಚ್ಚಿನವು ಜೋರಾಗಿ ಬೆಂಕಿ ಹತ್ತಿದ ಜಾಗದ್ದಲ್ಲ. ಒಳಗಿನ ಕಂಬಗಳದ್ದಂತೂ ಬೆರಳೆಣಿಕೆ. ನಿಮ್ಮ ಮನೆ ಅಡುಗೆಮನೆ ಸುಟ್ಟಾಗ ಪಡಸಾಲೆಯ ಬಾಗಿಲು ತಂದು "ನೋಡಿ, ಮಸಿ ಇಲ್ಲ" ಅಂದರೆ ಆಗುತ್ತಾ? ಆದರೆ ಒಂದು ಒಪ್ಪಿಕೊಳ್ತೀನಿ. ಅಡುಗೆಮನೆಯ ಬಾಗಿಲು ಯಾಕೆ ಇಲ್ಲ ಅಂದರೆ, ಅದನ್ನು ಮಾರಿದ್ದರಿಂದ. ಹಾಗಾಗಿ ಉಕ್ಕು ಹೇಳಬೇಕಾದದ್ದನ್ನು ಫೋಟೊ, ವಿಡಿಯೊ, ಕಂಪ್ಯೂಟರ್ ಮಾದರಿ ಹೇಳಬೇಕಾಯ್ತು. ಜಗಳದ ಬೇರು ಅಲ್ಲಿದೆ.

ಕಡಲತೀರ
ಎಂತ ಮಾರಾಯ್ರೆ, ಉಕ್ಕು ಕರಗಲಿಕ್ಕೆ 1500 ಡಿಗ್ರಿ ಬೇಕು, ವಿಮಾನದ ಎಣ್ಣೆಗೆ ಅಷ್ಟು ಬಿಸಿ ಬರುವುದಿಲ್ಲ ಅಂತ ನಮ್ಮ ಕ್ಲಬ್ಬಿನಲ್ಲೂ ಒಬ್ಬರು ಪ್ರತಿ ವರ್ಷ ಹೇಳುತ್ತಾರೆ. ಕರಗುವುದು ಎಂತಕ್ಕೆ? ಹಡಗಿನಲ್ಲಿ ಮೂವತ್ತು ವರ್ಷ ಇಂಜಿನ್ ರೂಮಿನಲ್ಲಿದ್ದವ ನಾನು. ಒಮ್ಮೆ ಬೆಂಕಿ ಆಗಿತ್ತು, ಆರಿಸಿ ಹೋಗಿ ನೋಡಿದರೆ ನಡೆದಾಡುವ ಕಬ್ಬಿಣದ ಹಲಗೆ ಹಪ್ಪಳದ ಹಾಗೆ ಡೊಂಕಾಗಿತ್ತು. ಒಂದು ಹನಿ ಕರಗಿರಲಿಲ್ಲ.

ಕೆರೆದಂಡೆ
ಅದು ಮಕ್ಕಳಿಗೂ ಹೇಳಿದ್ದೀನಿ ಸರ್. 600 ಡಿಗ್ರಿ ಹೊತ್ತಿಗೆ ಉಕ್ಕಿನ ಬಲ ಹೆಚ್ಚುಕಮ್ಮಿ ಅರ್ಧ. ಕುಲುಮೆಯಲ್ಲಿ ಕುಡುಗೋಲು ತಟ್ಟಿಸೋಕೆ ಹೋದೋನು ಯಾವನಾದ್ರೂ ಅದು ಕರಗೋವರೆಗೆ ಕಾಯ್ತಾನಾ?

ಕಾಂಕ್ರೀಟ್ ಕಾಕಾ
ನನಗ ಆ ಲೇಪದ ಬಗ್ಗೆ ಹೇಳಾಕ ಬಿಡ್ರಿ. ಈಗ ಬೆಂಗಳೂರಾಗ ಒಂದು ಸ್ಟೀಲ್ ಬಿಲ್ಡಿಂಗ್ ಸೈಟ್‌ನಾಗ ಅದೀನಿ. ತೊಲಿಗೆ ಬೆಂಕಿ ತಡಿಯಾಕ ಸ್ಪ್ರೇ ಹೊಡಿತೀವಿ, ನೋಡಾಕ ಒಣಗಿದ ಅವಲಕ್ಕಿ ಮುದ್ದಿ ಇದ್ದಂಗ ಇರತೈತಿ. ಹೆಬ್ಬಟ್ಟಿಲೆ ತಿಕ್ಕಿದ್ರ ಉದರತೈತಿ. ನಾವು ಹೊಡದ ಮರುದಿನ ವೈರಿಂಗ್‌ನವ್ರು ಬರ್ತಾರ, ಕ್ಲ್ಯಾಂಪ್ ಕೂಡಿಸಾಕ ಒಂದು ಗೇಣು ಕೆರದು ಹೋಗ್ತಾರ. ಎಸಿ ಡಕ್ಟ್‌ನವ್ರು ಬಂದು ಇನ್ನೊಂದು ಗೇಣು. ತಿರುಗಿ ಹಚ್ಚಾಕ ಯಾರಿಗೂ ಬಿಲ್ ಇಲ್ಲ. ಹೋದ ತಿಂಗಳ ಒಂದು ತೊಲಿ ಮ್ಯಾಲ ಎಣಿಸಿದೆ, ಹನ್ನೊಂದು ಕಡೆ ಬೋಳು.

ಅವಳಿ ಗೋಪುರದಾಗೂ ಇದ ಕಥಿ. ಮಹಡಿ ಹಿಡದ ಟ್ರಸ್ಸಿಗೆ (ಕಬ್ಬಿಣದ ಸರಳು ಹೆಣದ ಹಗುರ ತೊಲಿ) ಮೊದಲು ಅರ್ಧ ಇಂಚು ದಪ್ಪ ಹೊಡದಿದ್ರು. 90ರ ದಶಕದ ಕೊನಿಗೆ ಒಂದೂವರಿ ಇಂಚು ಮಾಡೋಣು ಅಂತ ಶುರು ಮಾಡಿದ್ರು, ಎಲ್ಲಾ ಮಹಡೀಗೆ ಮುಗಿಯೋದರಾಗ ವಿಮಾನ ಬಂತು. ಉತ್ತರ ಗೋಪುರದಾಗ ಬೆಂಕಿ ಬಿದ್ದ ಮಹಡಿಗಳಿಗೆ ಬಹಳ ಮಟ್ಟಿಗೆ ಹೊಸಾ ಲೇಪ ಇತ್ತು, ದಕ್ಷಿಣದ್ದಕ್ಕ 78ನೇ ಮಹಡಿ ಬಿಟ್ರ ಇಲ್ಲ. ಒಂದು 102 ನಿಮಿಷ ನಿಂತು, ಇನ್ನೊಂದು 56ಕ್ಕ ಬಿತ್ತು.

ಫೈನೈಟ್ ಎಲಿಮೆಂಟ್
ಕಾಕಾ, ಲೇಪ ಮುಖ್ಯ, ಆದರೆ ಆ ಕೊನೆಯ ಸಾಲಿನಲ್ಲಿ ಅವಸರ ಮಾಡಿದ್ರಿ. ದಕ್ಷಿಣ ಗೋಪುರಕ್ಕೆ ವಿಮಾನ ಬಡಿದದ್ದು ಕೆಳಗೆ, ಓರೆಯಾಗಿ, ಹೆಚ್ಚು ವೇಗದಲ್ಲಿ. ಮೇಲಿನ ಭಾರವೂ ಹೆಚ್ಚು. ಎರಡು ಗೋಪುರಗಳ ನಡುವಿನ ವ್ಯತ್ಯಾಸ ಅರ್ಧ ಇಂಚು, ಒಂದೂವರೆ ಇಂಚು ಅನ್ನೋದೊಂದೇ ಅಲ್ಲ.

ಆದರೆ ನಿಮ್ಮ ಹಾಗೇ ವಾದಿಸಿದ ದೊಡ್ಡವರಿದ್ದಾರೆ. ಜೇಮ್ಸ್ ಕ್ವಿಂಟಿಯರ್, ಮೇರಿಲ್ಯಾಂಡಿನ ಬೆಂಕಿ ಇಂಜಿನಿಯರಿಂಗ್ ಪ್ರೊಫೆಸರ್, ಹಿಂದೆ ನಿಸ್ಟ್‌ನಲ್ಲೇ ಕೆಲಸ ಮಾಡಿದವರು. ವಿಮಾನದ ಏಟಿಗೆ ಲೇಪ ಉದುರಿಹೋದದ್ದರಿಂದ ಕುಸೀತು ಅಂತ ನಿಸ್ಟ್ ಹೇಳಿದರೆ, ಉದುರದಿದ್ದರೂ ಟ್ರಸ್ಸಿನ ಮೇಲಿನ ಲೇಪವೇ ಸಾಲದಾಗಿತ್ತು ಅನ್ನೋದು ಅವರ ವಾದ. ಎಡಿನ್‌ಬರೋ ವಿಶ್ವವಿದ್ಯಾಲಯದ ಉಸ್ಮಾನಿ, ಟೊರೆರೊ ಮತ್ತು ಸಂಗಡಿಗರು 2003ರಲ್ಲೇ ಬರೆದರು: ವಿಮಾನದ ಹೊಡೆತವನ್ನು ಪಕ್ಕಕ್ಕಿಟ್ಟರೂ ಹಲವು ಮಹಡಿಗೆ ಒಟ್ಟಿಗೆ ಬೆಂಕಿ ಬಿದ್ದರೆ ಉಕ್ಕು ಹಿಗ್ಗಿಯೇ ಆ ಕಟ್ಟಡ ಸೋಲಬಹುದಿತ್ತು ಅಂತ. ಮೊದಲ ಫೆಮಾ ವರದಿಯಲ್ಲಿ ಮಹಡಿಗಳು ಕೊಂಡಿ ಬಿಟ್ಟು ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ ಬಿದ್ದವು ಅನ್ನೋ ಊಹೆ ಇತ್ತು. ನಿಸ್ಟ್ ಅದನ್ನು ಬಿಟ್ಟು, ಜೋತುಬಿದ್ದ ಮಹಡಿಗಳು ಹೊರಗೋಡೆಯ ಕಂಬಗಳನ್ನು ಒಳಕ್ಕೆ ಎಳೆದವು ಅಂದಿತು. ಉತ್ತರ ಗೋಪುರದ ಒಂದು ಮುಖ ಬೀಳೋ ಐದು ನಿಮಿಷ ಮೊದಲು 55 ಇಂಚು ಒಳಗೆ ಬಾಗಿದ್ದು ಫೋಟೊದಲ್ಲೇ ಅಳೆದಿದ್ದಾರೆ.

ನೋಡಿ, ಇವರೆಲ್ಲ ಒಬ್ಬರನ್ನೊಬ್ಬರು ತಪ್ಪು ಅಂತಾರೆ. ಒಬ್ಬರೂ ಬಾಂಬ್ ಅನ್ನಲಿಲ್ಲ.

ಒಗ್ಗರಣೆ
ದೋಸೆ ಅಂದ್ರಲ್ಲ, ಹೊಟ್ಟೆ ಹಸೀತು. ಬೆಣ್ಣೆ ದೋಸೆ ಪೇರಿಸಿದ್ರೆ ಕೊಂಡಿ ಬಿಡಲ್ಲ, ಅಂಟಿಕೊಳ್ಳುತ್ತೆ.

ಸಂಶಯಪಿಶಾಚಿ
ಗೋಪುರ ಬಿಡಿ. ಏಳನೇ ಕಟ್ಟಡಕ್ಕೆ ಬನ್ನಿ. ವಿಮಾನ ಇಲ್ಲ, ವಿಮಾನದ ಎಣ್ಣೆ ಇಲ್ಲ. 2008ರ ಆಗಸ್ಟ್ ಕರಡಿನಲ್ಲಿ ನಿಸ್ಟ್ "ಸ್ವತಂತ್ರ ಪತನ ಆಗಿಲ್ಲ" ಅಂದಿತ್ತು. ಮೇಲಿನ 18 ಮಹಡಿ ಕೆಳಗಿಳಿಯೋಕೆ 5.4 ಸೆಕೆಂಡ್, ತಡೆಯಿಲ್ಲದೆ ಬಿದ್ದಿದ್ರೆ 3.9, ಆದ್ದರಿಂದ ತಡೆ ಇತ್ತು ಅಂತ ಲೆಕ್ಕ. ಡೇವಿಡ್ ಚಾಂಡ್ಲರ್ ಅಂತ ಒಬ್ಬ ಫಿಸಿಕ್ಸ್ ಮೇಷ್ಟ್ರು ವಿಡಿಯೊನ ಫ್ರೇಮ್ ಫ್ರೇಮ್ ಅಳೆದು, ನಡುವೆ ಪೂರ್ತಿ ಸ್ವತಂತ್ರ ಪತನ ಇದೆ ಅಂತ ತೋರಿಸಿದ. ನವೆಂಬರಿನ ಅಂತಿಮ ವರದಿಯಲ್ಲಿ ಅವರೇ ಒಪ್ಕೊಂಡ್ರು, 2.25 ಸೆಕೆಂಡ್, ಸುಮಾರು 8 ಮಹಡಿಯಷ್ಟು. ಕೆರೆದಂಡೆ ಮೇಷ್ಟ್ರೇ, ನಿಮ್ಮಂಥ ಮೇಷ್ಟ್ರು ಸರ್ಕಾರದ ತಪ್ಪು ಹಿಡಿದ್ರು. ಇದಕ್ಕೇನಂತೀರಿ?

ಕೆರೆದಂಡೆ
ಇದು ನನಗೆ ಗೊತ್ತಿರಲಿಲ್ಲ. ನಿಜವಾಗಿದ್ರೆ ಆ ಮೇಷ್ಟ್ರಿಗೆ ಒಂದು ನಮಸ್ಕಾರ.

ಫೈನೈಟ್ ಎಲಿಮೆಂಟ್
ನಿಜ. ಅಳತೆ ಸರಿ ಇತ್ತು, ನಿಸ್ಟ್ ತಿದ್ದಿಕೊಂಡಿತು. ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ನಿಸ್ಟ್ ಹೇಳೋದು ಹೀಗೆ: ಒಳಗೆ ಮೊದಲೇ ಎಲ್ಲ ಕುಸಿದಿತ್ತು, ಉಳಿದದ್ದು ಹೊರಗಿನ ಚಿಪ್ಪು. ಆ ಚಿಪ್ಪಿನ ಕಂಬಗಳು ಕೆಳಗಿನ ಮಹಡಿಗಳಲ್ಲಿ ಮಡಚಿಕೊಂಡ ಮೇಲೆ ತಡೆಯೋಕೆ ಏನೂ ಉಳಿಯಲಿಲ್ಲ. ಮೇಲ್ಛಾವಣಿಯ ಪೂರ್ವದ ತುದಿಯಲ್ಲಿದ್ದ ಯಂತ್ರದ ಕೋಣೆ ಮೊದಲು ಒಳಗೆ ಮುಳುಗೋದು ವಿಡಿಯೊದಲ್ಲೇ ಕಾಣುತ್ತೆ. ಹಂಚಿಕೊಳ್ಳುವವರು ಆ ಕೆಲವು ಸೆಕೆಂಡು ಕತ್ತರಿಸಿ ಹಂಚುತ್ತಾರೆ. ನಿಮ್ಮ ಭಾಮೈದ ಕಳಿಸಿದ ವಿಡಿಯೊ ಎಲ್ಲಿಂದ ಶುರುವಾಗುತ್ತೆ, ಒಮ್ಮೆ ನೋಡಿ.

ಕೆರೆದಂಡೆ
ಈಗ ನೋಡಿದೆ. ಹೊರಗೋಡೆ ಬೀಳೋದ್ರಿಂದಲೇ ಶುರು. ಯಂತ್ರದ ಕೋಣೆ ಇಲ್ಲವೇ ಇಲ್ಲ.

ಜರ್ಸಿ ಅಕ್ಕ
ಆ ಕಟ್ಟಡಕ್ಕೆ ನೀರೇ ಇರಲಿಲ್ಲ ಅನ್ನೋದನ್ನು ಯಾರೂ ಹೇಳಲಿಲ್ಲ. ಗೋಪುರ ಬಿದ್ದಾಗ ನೆಲದಡಿಯ ಮುಖ್ಯ ಕೊಳವೆ ಒಡೆದು ಕೆಳ ಮಹಡಿಗಳ ಸ್ಪ್ರಿಂಕ್ಲರ್ ಒಣಗಿದ್ದವು. ಅಗ್ನಿಶಾಮಕದವರನ್ನು ಅಲ್ಲಿಂದ ಹಿಂದಕ್ಕೆ ಕರೆಸಿದ್ದರು. ಸುಮಾರು ಏಳು ಗಂಟೆ ಸುಮ್ಮನೆ ಉರೀತು.

ಫೈನೈಟ್ ಎಲಿಮೆಂಟ್
ಸರಿಯಾಗಿ ನೆನಪಿಸಿದ್ರಿ. ಆ ಏಳು ಗಂಟೆಯಲ್ಲಿ ಮಹಡಿಯ ಉದ್ದ ತೊಲೆಗಳು ಹಿಗ್ಗಿ, 13ನೇ ಮಹಡಿಯ ಒಂದು ದೊಡ್ಡ ಅಡ್ಡತೊಲೆಯನ್ನು ಅದು ಕೂತಿದ್ದ ಪಟ್ಟಿಯಿಂದ ಪಕ್ಕಕ್ಕೆ ತಳ್ಳಿ ಬೀಳಿಸಿದವು. ಅದರ ಹಿಂದೆ ಮಹಡಿಗಳು, ಆಮೇಲೆ ಆಸರೆ ಕಳೆದುಕೊಂಡ 79ನೇ ಕಂಬ. ಇದು ನಿಸ್ಟ್ ಕಥೆ. ಬೇಸಿಗೆಯಲ್ಲಿ ರೈಲು ಹಳಿ ಹಾವಿನಂತೆ ಹೊರಳೋದು ನೋಡಿದ್ದೀರಲ್ಲ, ಅದೇ ಬಲ.

ಸಂಶಯಪಿಶಾಚಿ
ಪಟ್ಟಿ ಅಂದ್ರಲ್ಲ, ಅದರ ಅಳತೇನೂ ಹೇಳಿ. ಮೊದಲು 11 ಇಂಚು ಅಗಲ ಅಂದ್ರು, 5.5 ಇಂಚು ಸರಿದ್ರೆ ಬೀಳುತ್ತೆ ಅಂದ್ರು. ನಕ್ಷೆ ಹೊರಗೆ ಬಂದ ಮೇಲೆ ನೋಡಿದ್ರೆ 12 ಇಂಚು. 2012ರಲ್ಲಿ ತಿದ್ದುಪಡಿ ಹಾಕಿ 6.25 ಇಂಚು ಅಂತ ಬದಲಾಯಿಸಿದ್ರು. 16 ಮೀಟರ್ ತೊಲೆ 600 ಡಿಗ್ರಿ ಬಿಸಿಯೇರಿದ್ರೂ ಬೆಳೆಯೋದು 13 ಸೆಂಟಿಮೀಟರು ಚಿಲ್ರೆ, ಅಂದ್ರೆ 5 ಇಂಚು ಚಿಲ್ರೆ. ಮಿಕ್ಕ ಇಂಚು ನಿಮ್ಮಜ್ಜಿ ತಳ್ಳಿದ್ರಾ?

ಕಾಂಕ್ರೀಟ್ ಕಾಕಾ
ಅಜ್ಜೀನ ಯಾಕ ತರ್ತೀರಿ. ಲೆಕ್ಕ ಮಾತ್ರ ಛಲೋ ಮಾಡೀರಿ.

ಫೈನೈಟ್ ಎಲಿಮೆಂಟ್
ಲೆಕ್ಕ ಸರಿ ಇದೆ. ತೊಲೆ ಹಿಗ್ಗೋದೊಂದೇ ಅಲ್ಲ ಅಲ್ಲಿ ನಡೆದದ್ದು, ಬೋಲ್ಟು ತುಂಡಾಗಿ ಅಡ್ಡತೊಲೆ ಹೊರಳಾಡಿದೆ, ಕಂಬವೂ ಅಲುಗಿದೆ ಅನ್ನೋದು ಆ ಕಡೆಯ ಉತ್ತರ. ಅಡ್ಡತೊಲೆಯ ತುದಿಯಲ್ಲಿ ಬೆಸೆದ ಗಟ್ಟಿಪಟ್ಟಿಗಳನ್ನು ಮಾದರಿಯಲ್ಲಿ ಬಿಟ್ಟಿದ್ದೀರಿ ಅಂತ ಇನ್ನೊಂದು ಆಕ್ಷೇಪ ಇತ್ತು, ಅವು ಇದಕ್ಕೆ ಸಂಬಂಧವಿಲ್ಲ ಅಂತ ನಿಸ್ಟ್ ಉತ್ತರಿಸಿತು. ನನಗೆ ಆ ಉತ್ತರ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಮುಚ್ಚಿಡಲ್ಲ. ವಿಮಾ ಕಂಪನಿಗಳು ಹಾಕಿದ ಮೊಕದ್ದಮೆಯಲ್ಲಿ ಎರಡೂ ಕಡೆಯ ತಜ್ಞರು ಕುಸಿತ ಶುರುವಾದ ಬಗೆಯನ್ನು ಬೇರೆ ಬೇರೆ ಹೇಳಿದರು. ಬೆಂಕಿಯಿಂದ ಅನ್ನೋದರಲ್ಲಿ ಮಾತ್ರ ಇಬ್ಬರೂ ಒಂದೇ.

ನನ್ನ ಸಿಟ್ಟು ಇರೋದು ಇಲ್ಲಿ. ಆ ಮಾದರಿಗೆ ಕೊಟ್ಟ ದತ್ತಾಂಶ, ಜೋಡಣೆಗಳ ಬಲ, ಅವು ಯಾವಾಗ ಮುರಿದವು ಅನ್ನೋ ಕಡತಗಳನ್ನು ಮಾಹಿತಿ ಹಕ್ಕಿನಡಿ ಕೇಳಿದಾಗ ನಿಸ್ಟ್ ಕೊಡಲಿಲ್ಲ. ಸಾರ್ವಜನಿಕ ಸುರಕ್ಷತೆಗೆ ಅಪಾಯ ಆಗಬಹುದು ಅಂತ 2009ರಲ್ಲಿ ನಿರ್ದೇಶಕರ ಆದೇಶ. ಉಕ್ಕು ಇಲ್ಲ ಅಂತ ಮಾದರಿ ಮಾಡಿದ್ರಿ, ಸರಿ. ಮಾದರಿಯ ಬೀಗದಕೈಯನ್ನೂ ಜೇಬಲ್ಲಿಟ್ಟುಕೊಂಡರೆ ಬೇರೆಯವರು ಪರೀಕ್ಷೆ ಮಾಡೋದು ಹೇಗೆ? ವಿದ್ಯಾರ್ಥಿಗೆ "ಉತ್ತರ ಬರೆದಿದ್ದೀಯ, ಲೆಕ್ಕ ಮಾಡಿದ ಹಾಳೆ ಎಲ್ಲಿ" ಅಂತ ಕೇಳಲ್ವಾ ಮೇಷ್ಟ್ರೇ?

ಕೆರೆದಂಡೆ
ಹಾಳೆ ಇಲ್ದಿದ್ರೆ ಅರ್ಧ ಮಾರ್ಕೂ ಇಲ್ಲ.

ಕಡಲತೀರ
ಅಪಾಯ ಅಂದರೆ? ಮುಂದೆ ಯಾರಾದರೂ ಅದನ್ನು ನೋಡಿ ಕಟ್ಟಡ ಬೀಳಿಸುವ ಪ್ಲಾನು ಮಾಡಿಯಾರು ಅಂತವಾ? ಅದು ಅಷ್ಟು ಸುಳ್ಳೂ ಅಲ್ಲ ಮಾರಾಯ್ರೆ. ಉಗ್ರರ ದಾಳಿ ಆದ ಕಟ್ಟಡಕ್ಕೂ ಸುಮ್ಮನೆ ಬಿದ್ದ ಕಟ್ಟಡಕ್ಕೂ ಇರುವ ವ್ಯತ್ಯಾಸವೇ ಅದು. ಎಲ್ಲಿ ಹೊಡೆದರೆ ಬೀಳುತ್ತದೆ ಅಂತ ಪುಸ್ತಕ ಬರೆದು ಹಂಚಲಿಕ್ಕೆ ಆಗುತ್ತದಾ?

ಫೈನೈಟ್ ಎಲಿಮೆಂಟ್
ಕಡಲತೀರ ಸರ್, 79ನೇ ಕಂಬ ಅಂತ ಅವರೇ ವರದಿಯಲ್ಲಿ ಬರೆದಿದ್ದಾರೆ. ಮೇಲಾಗಿ ಆ ಕಟ್ಟಡ ಈಗ ಇಲ್ಲ.

ಕಡಲತೀರ
ಹಾಂ, ಅದೂ ಸರಿಯೇ.

ಸಂಶಯಪಿಶಾಚಿ
ಸ್ಫೋಟಕದ ಅಂಶ ಇದೆಯಾ ಅಂತ ಒಂದು ತುಂಡನ್ನೂ ಪರೀಕ್ಷೆ ಮಾಡಲಿಲ್ಲ. ಅದನ್ನ ನಿಸ್ಟೇ ಒಪ್ಪಿದೆ. ಹುಡುಕದೇ ಇದ್ದೋರು "ಇಲ್ಲ" ಅಂತ ಹೇಗೆ ಬರೀತಾರೆ?

ಫೈನೈಟ್ ಎಲಿಮೆಂಟ್
ಶಬ್ದದಿಂದ. 79ನೇ ಕಂಬ ಕತ್ತರಿಸುವಷ್ಟು ಸ್ಫೋಟಕ ಇಟ್ಟಿದ್ದರೆ ಅರ್ಧ ಮೈಲಿ ಆಚೆಗೂ 130ರಿಂದ 140 ಡೆಸಿಬೆಲ್ ಕೇಳಬೇಕಿತ್ತು ಅನ್ನೋದು ಅವರ ಲೆಕ್ಕ. ಅಷ್ಟು ಕ್ಯಾಮೆರಾ ಸುತ್ತ ಇದ್ದವು, ಒಂದರಲ್ಲೂ ಅಂಥ ಸದ್ದು ಇಲ್ಲ. ನನಗೆ ಅದು ಸಾಕು. ಆದರೂ ಪರೀಕ್ಷೆ ಮಾಡಿ "ಸಿಗಲಿಲ್ಲ" ಅಂತ ಒಂದು ಸಾಲು ಬರೆದಿದ್ದರೆ ಇಪ್ಪತ್ತು ವರ್ಷದ ಜಗಳ ಎಷ್ಟೋ ಕಡಿಮೆ ಆಗ್ತಿತ್ತು ಅನ್ನೋದನ್ನೂ ಒಪ್ತೀನಿ.

ಗುಜರಿ ಅಂಗಡಿ
ಏಳನೇ ಕಟ್ಟಡದ ಕಬ್ಬಿಣ ಒಂದಾದ್ರೂ ಸಿಕ್ಕಿತಾ?

ಫೈನೈಟ್ ಎಲಿಮೆಂಟ್
ಗೋಪುರದ ಕಂಬಗಳಿಗೆ ಇದ್ದಂಥ ಗುರುತು ಇದಕ್ಕೆ ಇರಲಿಲ್ಲ, ಆದ್ದರಿಂದ ಖಚಿತವಾಗಿ ಇದೇ ಕಟ್ಟಡದ್ದು ಅಂತ ಹೇಳುವ ತುಂಡು ನಮ್ಮಲ್ಲಿಲ್ಲ ಅಂತ ನಿಸ್ಟ್ ಹೇಳಿತು. ಆದರೆ ಫೆಮಾ ವರದಿಯ ಅನುಬಂಧದಲ್ಲಿ, ಇದೇ ಕಟ್ಟಡದ್ದಿರಬೇಕು ಅನ್ನೋ ಒಂದು ತೊಲೆಯ ತುಂಡನ್ನು ವುಸ್ಟರ್ ಪಾಲಿಟೆಕ್ನಿಕ್‌ನ ಪ್ರೊಫೆಸರುಗಳು ಪರೀಕ್ಷೆ ಮಾಡಿದ್ದಾರೆ. ಗಂಧಕ ಸೇರಿ ಉಕ್ಕು ತಿಂದುಹಾಕಿದ ಹಾಗೆ ತೆಳ್ಳಗಾಗಿತ್ತು, ಅಂಚು ಚಾಕುವಿನ ಹಾಗೆ. ಬೀಳೋ ಮುಂಚೆ ಆದದ್ದೋ, ಬಿದ್ದ ಮೇಲೆ ರಾಶಿಯಡಿ ವಾರಗಟ್ಟಲೆ ಬೆಂದು ಆದದ್ದೋ ಅಂತ ಹೇಳಲಾಗದು, ಇನ್ನೂ ಅಧ್ಯಯನ ಆಗಲಿ ಅಂತ ಬರೆದರು.

ಗುಜರಿ ಅಂಗಡಿ
ಅದಕ್ಕೇ ಹೇಳಿದ್ದು, ಫರ್ನೆಸ್‌ಗೆ ಹೋದ ಮಾಲು ವಾಪಸ್ ಬರಲ್ಲ.

ಜರ್ಸಿ ಅಕ್ಕ
ಇಷ್ಟೆಲ್ಲ ತಾಂತ್ರಿಕ ಮಾತಿನ ನಡುವೆ ಒಂದು ಮರೀಬೇಡಿ. ಈ ತನಿಖೆ ಇಷ್ಟಾದರೂ ನಡೆದದ್ದು ಸತ್ತವರ ಮನೆಯವರಿಂದ. ಸ್ಯಾಲಿ ರೆಗೆನ್‌ಹಾರ್ಡ್ ಅನ್ನೋ ತಾಯಿ, ಮಗ ಆಗಷ್ಟೇ ಅಗ್ನಿಶಾಮಕ ದಳಕ್ಕೆ ಸೇರಿದ್ದ. ಮಗನ ಫೋಟೊ ಹಿಡಿದು ವಾಷಿಂಗ್ಟನ್ನಿಗೆ ಓಡಾಡಿದರು. 2002ರ ಮಾರ್ಚಿನಲ್ಲಿ ಸಂಸತ್ತಿನ ವಿಜ್ಞಾನ ಸಮಿತಿ ವಿಚಾರಣೆ ನಡೆಸಿತು. ಯಾರ ಕೈಯಲ್ಲಿ ತನಿಖೆ ಅನ್ನೋದೇ ಸ್ಪಷ್ಟ ಇರಲಿಲ್ಲ ಅನ್ನೋದು ಅಲ್ಲೇ ಬಯಲಾದದ್ದು. ಅಕ್ಟೋಬರಿನಲ್ಲಿ ಹೊಸ ಕಾನೂನು ಬಂತು: ಇನ್ನು ಮುಂದೆ ಇಂಥ ಕುಸಿತವಾದರೆ ನಿಸ್ಟ್ ಬೇಗ ತಂಡ ಕಳಿಸಬಹುದು, ಸಾಕ್ಷಿ ವಶಕ್ಕೆ ತಗೋಬಹುದು.

ಕಾಂಕ್ರೀಟ್ ಕಾಕಾ
ಅದ ಕಾನೂನಿನಾಗ ಇನ್ನೊಂದು ಮಾತೈತಿ ಅಕ್ಕಾರ. ನಿಸ್ಟ್ ವರದೀನ ಪರಿಹಾರದ ದಾವಾದಾಗ ಸಾಕ್ಷಿ ಅಂತ ಬಳಸೂ ಹಂಗಿಲ್ಲ. ಅಂದ್ರ ಕಟ್ಟಡ ಯಾಕ ಬಿತ್ತು ಅಂತ ಹೇಳಬಹುದು, ಯಾರ ತಪ್ಪು ಅಂತ ಅದರಿಂದ ಹಿಡಿಯೂ ಹಂಗಿಲ್ಲ. ಒಂದು ಲೆಕ್ಕದಾಗ ಛಲೋ, ಮಂದಿ ಅಂಜಿಕಿ ಇಲ್ಲದ ಬಾಯಿ ಬಿಡ್ತಾರ. ಇನ್ನೊಂದು ಲೆಕ್ಕದಾಗ, ಸತ್ತವರ ಮನಿಯವರಿಗೆ ಏನು ಸಿಕ್ತು?

ಜರ್ಸಿ ಅಕ್ಕ
ಮೆಟ್ಟಿಲು ಸಿಕ್ಕಿತು. ವ್ಯಂಗ್ಯ ಅಲ್ಲ, ನಿಜವಾಗಿ ಹೇಳ್ತಿದ್ದೀನಿ. 420 ಅಡಿಗಿಂತ ಎತ್ತರದ ಹೊಸ ಕಟ್ಟಡಗಳಿಗೆ ಒಂದು ಮೆಟ್ಟಿಲುದಾರಿ ಹೆಚ್ಚು ಇರಬೇಕು, ಎತ್ತರದ ಕಟ್ಟಡಗಳ ಮೆಟ್ಟಿಲಲ್ಲಿ ಕತ್ತಲಲ್ಲಿ ಹೊಳೆಯೋ ಗುರುತು ಇರಬೇಕು ಅಂತ ಅಲ್ಲಿನ ಮಾದರಿ ಕಟ್ಟಡ ಸಂಹಿತೆ ಬದಲಾಯಿತು. ನಮ್ಮ ಆಫೀಸಿನ ಮೆಟ್ಟಿಲಲ್ಲಿ ಆ ಹಸಿರು ಪಟ್ಟಿ ಇದೆ. ಡ್ರಿಲ್ ಇದ್ದಾಗಲೆಲ್ಲ ಅದನ್ನು ನೋಡಿಕೊಂಡು ಇಳೀತೀನಿ.

ಬರೀ ಓದುಗ
ಆ ನಿಸ್ಟ್ ತನಿಖೆಯ ಮುಖ್ಯಸ್ಥ ಶ್ಯಾಮ್ ಸುಂದರ್ ನಮ್ಮ ದಿಲ್ಲಿ ಐಐಟಿಯಲ್ಲಿ ಓದಿದವರು. ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಒಗ್ಗರಣೆ
ಕಬ್ಬಿಣ ಚೆನ್ನೈಗೆ, ತನಿಖೆ ದಿಲ್ಲಿಗೆ, ಜಗಳ ತುಮಕೂರಿಗೆ.

ಕಾಂಕ್ರೀಟ್ ಕಾಕಾ
1995ರ ಓಕ್ಲಹೋಮಾ ಸಿಟಿನೂ ನೆನೀಬೇಕು. ಮರ್ರಾ ಕಟ್ಟಡ, ಲಾರಿ ಬಾಂಬ್, 168 ಜನ ಹೋದ್ರು. ಬಾಂಬ್ ಸಿಡದದ್ದು ಏಪ್ರಿಲ್ 19ಕ್ಕ, ಉಳದ ಕಟ್ಟಡಾನ ಮೇ 23ಕ್ಕ ಕೆಡವಿಬಿಟ್ರು. ಅಲ್ಲೂ "ಒಳಗ ಬ್ಯಾರೆ ಬಾಂಬ್ ಇತ್ತು" ಅಂತ ಒಬ್ಬ ನಿವೃತ್ತ ಜನರಲ್ ಎದ್ದ. ಅಲ್ಲಿ ತಂಡದ ಮುಂದಾಳು ಜೀನ್ ಕೋರ್ಲಿ, 2001ರ ಫೆಮಾ ತಂಡಕ್ಕೂ ಅಂವನ. ಅವರು ಹೇಳಿದ್ದು: ಬಾಂಬ್ ತಾನ ಮುರದದ್ದು ಕೆಲವ ಕಂಬ. ಮೂರನೇ ಮಹಡಿಯ ದೊಡ್ಡ ತೊಲಿ ಆಸರಾ ಕಳಕೊಂಡು ಮ್ಯಾಲಿಂದೆಲ್ಲ ಎಳಕೊಂಡು ಬಂತು. ಸತ್ತವರೊಳಗ ಬಹಳ ಮಂದಿ ಸತ್ತದ್ದು ಕಟ್ಟಡ ಕುಸದದ್ದಕ್ಕ. ಕಂಬ, ತೊಲಿ ಒಂದಕ್ಕೊಂದು ಬಿಗಿಯಾಗಿ ಹೆಣದಿದ್ರ ಕುಸದದ್ದರಾಗ ಅರ್ಧಕ್ಕಿಂತ ಹೆಚ್ಚು ಭಾಗ ನಿಲ್ಲತಿತ್ತು.

ನಮ್ಮೂರ ಕಡೆನೂ ಒಂದು ಕಟ್ಟಡ ಬಿತ್ತು, ಹೆಸರು ಬ್ಯಾಡ. ಉಗ್ರರೂ ಇಲ್ಲ, ವಿಮಾನೂ ಇಲ್ಲ. ನಾಲ್ಕನೇ ದಿನ ನಾ ಹೋದಾಗ ಟಿಪ್ಪರ್‌ನಾಗ ತುಂಬಿ ಕೆರಿ ದಂಡಿಗೆ ಸುರಿಯಾಕತ್ತಿದ್ರು. ಒಂದು ಕಾಂಕ್ರೀಟ್ ಹೆಂಟಿ ಎತ್ತಿ ಕೈಯಾಗ ಹಿಚುಕಿದೆ, ಬೆಲ್ಲದ ಪುಡಿ ಉದುರಿದಂಗ ಉದುರ್ತು. ಅದನ್ನ ಲ್ಯಾಬಿಗೆ ಒಯ್ಯಾಕ ಯಾರೂ ಇರಲಿಲ್ಲ.

ಮಾಡರೇಟರ್
ವಿಷಯ ಬಿಟ್ಟು ಹೋಗಬೇಡಿ. ಕಾಕಾ, ಬೇರೆ ಎಳೆ ಶುರು ಮಾಡಿ, ಅದಕ್ಕೂ ಜಾಗ ಇದೆ. ಸಂಶಯಪಿಶಾಚಿ, ಈ ಎಳೆಯಿಂದ ಅಳಿಸಿದ ನಿಮ್ಮ ಪೋಸ್ಟ್ ಬಗ್ಗೆ ಮತ್ತೆ ಕೇಳಬೇಡಿ, ಸತ್ತವರ ಹೆಸರು ಹಿಡಿದು ಬರೆದದ್ದಕ್ಕೆ ತೆಗೆದದ್ದು.

ಸಂಶಯಪಿಶಾಚಿ
ಸರಿ ಬಿಡಿ. ಆದ್ರೂ ಫೈನೈಟ್ ಅವರು ನನ್ನ ಮೂರು ಮಾತು ಒಪ್ಪಿದ್ದಾರೆ, ದಾಖಲೆ ಇರಲಿ: ಸ್ವತಂತ್ರ ಪತನ, ಪಟ್ಟಿಯ ಅಳತೆ, ಬಚ್ಚಿಟ್ಟ ಕಡತ.

ಫೈನೈಟ್ ಎಲಿಮೆಂಟ್
ದಾಖಲೆ ಇರಲಿ. ನಾಲ್ಕನೆಯದು, ಬಾಂಬ್ ಅನ್ನೋದು, ಒಪ್ಪಿಲ್ಲ ಅನ್ನೋದೂ ಇರಲಿ.

ಕೆರೆದಂಡೆ
ಎಲ್ಲರಿಗೂ ಧನ್ಯವಾದ. ಇವತ್ತು ಭಾನುವಾರ, ಆ ಬಣ್ಣದ ಬಿರುಕಿನ ವಿಷಯ ತಲೇಲಿ ಕೊರೀತಿತ್ತು. ಶೆಡ್ಡಲ್ಲಿ ಗೇಟ್ ಮಾಡಿಸಿದಾಗ ಉಳಿದ ಆಂಗ್ಲರ್ ತುಂಡೊಂದಿತ್ತು, ರೆಡ್ ಆಕ್ಸೈಡ್ ಬಳಿದದ್ದು. ಎರಡು ಭಾಗ ಕತ್ತರಿಸಿದೆ. ಒಂದು ಹೋಲಿಸೋಕೆ ಹಾಗೇ ಇಟ್ಟೆ, ಇನ್ನೊಂದನ್ನ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆ ಮೇಲೆ ಕಾಯಿಸಿದೆ. ಮೊದಲು ಹೊಗೆ, ಆಮೇಲೆ ಬಣ್ಣ ಕಪ್ಪಾಗಿ ಗುಳ್ಳೆ ಎದ್ದು ಹಪ್ಪಳೆ ಹಪ್ಪಳೆ ಎದ್ದಿತು. ಕೆರೆಯಂಗಳದ ಥರ ಕಾಣಲಿಲ್ಲ, ನಮ್ಮ ಬಣ್ಣವೇ ಬೇರೆ ಇರಬೇಕು. ಮನೆಯಾಕೆ ಬಂದು ಒಲೆ ಆರಿಸಿ ನನ್ನ ಹೊರಗೆ ಕಳಿಸಿದಳು.

ಫೋಟೊ ತೆಗೆದು ಭಾಮೈದನಿಗೆ ಕಳಿಸಿದೆ. "ಕಾಯಿಸದ ತುಂಡು ಎಲ್ಲಿ ಭಾವ, ಅದರ ಫೋಟೊನೂ ಹಾಕಿ" ಅಂದ. ಹುಡುಕಿದೆ. ಬೆಳಿಗ್ಗೆ ಹಳೇ ಪೇಪರ್ ಜೊತೆ ಅವನಕ್ಕ ಅದನ್ನೂ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಾಳೆ.

ಸಂಶಯಪಿಶಾಚಿ
😂😂 ಇದಕ್ಕೂ ಒಂದು ಸಮಿತಿ ಆಗಬೇಕು.

ಗುಜರಿ ಅಂಗಡಿ
ಕೆಜಿಗೆ ಎಷ್ಟು ಕೊಟ್ಟ ಸರ್?